ಬಲಕ್ಕೆ ಹೊರಳದ ಫಟಫಟಿ

ನನ್ನ ತವರುಮನೆಯ ಬಚ್ಚಲಲ್ಲಿ ಟವೆಲ್ಲು ಹಾಕುವುದಕ್ಕೆ ಒಂದು ಫಟಫಟಿಯ, ಅಂದರೆ ಮೋಟಾರ್ ಸೈಕಲ್ಲಿನ, ಹ್ಯಾಂಡಲ್ಲು ಇದೆ. ತಮಾಷೆಗೆ ಹೇಳುತ್ತಿಲ್ಲ, ನಿಜವಾದ ಹ್ಯಾಂಡಲ್ಲೇ. ಗೋಡೆಗೆ ಎರಡು ದಪ್ಪ ಮೊಳೆ ಹೊಡೆದು, ಅಡ್ಡಲಾಗಿ ಕೂರಿಸಿ, ತಂತಿಯಿಂದ ಬಿಗಿದಿದ್ದಾರೆ. ಎರಡೂ ತುದಿಯ ಕರಿ ರಬ್ಬರಿನ ಹಿಡಿಕೆಗಳು ಇನ್ನೂ ಹಾಗೆಯೇ ಇವೆ. ಸ್ನಾನಕ್ಕೆ ಹೋದವರು ಯಾರೇ ಆಗಲಿ, ಬಲಗಡೆಯ ಹಿಡಿಕೆಯನ್ನು ಒಂದು ಸಲವಾದರೂ ತಿರುವದೆ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ನನ್ನ ಗಂಡ ಚಿಕ್ಕೋಡಿಯವರು. ಬ್ಯಾಂಕಿನಲ್ಲಿ ಕೆಲಸ, ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಮದುವೆಯಾದ ಹೊಸತರಲ್ಲಿ ಮೊದಲ ಸಲ ನಮ್ಮ ಮನೆಗೆ ಬಂದು ಸ್ನಾನಕ್ಕೆ ಹೋದರು. ಒಳಗೆ ನೀರಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ "ಡುರ್ರ್... ಡುರ್ರ್..." ಎಂದು ಸಣ್ಣಗೆ ಬಾಯಿಂದ ಮಾಡುವ ಸದ್ದು ಕೇಳಿಸಿತು. ಹೊರಗೆ ಬಂದಾಗ ಮುಖ ಮಾತ್ರ ಬ್ಯಾಂಕಿನದೇ. ಈ ಮನುಷ್ಯನ ಜೊತೆ ಬಾಳ್ವೆ ಮಾಡಬಹುದು ಎಂದು ನನಗೆ ಧೈರ್ಯ ಬಂದದ್ದು ಆವತ್ತೇ.

ಆ ಹ್ಯಾಂಡಲ್ಲು ಬಚ್ಚಲಿಗೆ ಬಂದದ್ದು ನಮ್ಮ ಅಪ್ಪನ ಗಾಡಿಯಿಂದ. ಗಾಡಿಯಿಂದ ಅದನ್ನು ಕೀಳಿಸಿದ್ದು ನಮ್ಮ ಅವ್ವ. ಅವ್ವ ಪಾನಾ ಹಿಡಿದು ನಟ್ಟು ಬಿಚ್ಚಿದಳು ಎಂದಲ್ಲ. ಅವಳು ಒಂದು ಮಾತು ಅಂದಳು, ಅಷ್ಟೇ. ನಮ್ಮ ಮನೆಯಲ್ಲಿ ದೊಡ್ಡ ಕೆಲಸಗಳೆಲ್ಲ ಆಗಿರುವುದು ಹೀಗೆಯೇ.

ಎಂಬತ್ತರ ದಶಕದ ಮಾತು. ಶಿರಗುಪ್ಪಿಯ ಹೊರಗೆ ಕಬ್ಬಿನ ನಡುವೆ ನಮ್ಮ ಮನೆ. ನಾನಾಗ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಎಡ ಯಾವುದು ಬಲ ಯಾವುದು ಎಂದು ಗುರುತಿಸಲು ಉಣ್ಣುವ ಕೈ ಯಾವುದೆಂದು ನೋಡಿಕೊಳ್ಳುತ್ತಿದ್ದೆ. ಇಂದಿಗೂ ನೋಡಿಕೊಳ್ಳುತ್ತೇನೆ, ಯಾರಿಗೂ ಹೇಳಬೇಡಿ. ಆ ವರ್ಷ ಅಪ್ಪ ತನ್ನ ಖಿಲಾರಿ ಎತ್ತಿನ ಜೋಡಿಯನ್ನು ಅಥಣಿಯ ಪೇಟೆಯಲ್ಲಿ ಮಾರಿ, ನಿಪ್ಪಾಣಿಯ ಒಬ್ಬ ಹುಡುಗನಿಂದ ಹಳೆಯ ಫಟಫಟಿಯೊಂದನ್ನು ತಂದ. ಆ ಹುಡುಗನಿಗೆ ಓಟದ ಚಟವಿತ್ತಂತೆ. ಅದಕ್ಕೇ ಗಿಡ್ಡದಾದ, ಕೆಳಕ್ಕೆ ಬಾಗಿದ ಹ್ಯಾಂಡಲ್ಲು ಹಾಕಿಸಿಕೊಂಡಿದ್ದ. ಅದನ್ನು ಹಿಡಿಯಬೇಕೆಂದರೆ ಎದೆ ಪೆಟ್ರೋಲ್ ಟಾಕಿಗೆ ತಾಗುವಷ್ಟು ಬಗ್ಗಬೇಕು. ಧೋತರ, ಬಿಳಿ ಟೊಪ್ಪಿಗೆ, ದಪ್ಪ ಮೀಸೆಯ ನಮ್ಮ ಅಪ್ಪ ಹಾಗೆ ಬಗ್ಗಿ ಕಬ್ಬಿನ ನಡುವೆ ಹೋಗುತ್ತಿದ್ದರೆ, ದೂರದಿಂದ ನೋಡಿದವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆ ಎಂದುಕೊಳ್ಳುತ್ತಿದ್ದರು.

ಎತ್ತು ಹೋದರೂ ಅಪ್ಪನಿಂದ ಎತ್ತಿನ ರೂಢಿ ಹೋಗಲಿಲ್ಲ. ಸಂಜೆ ಮನೆಗೆ ಬಂದರೆ ಗಾಡಿಯನ್ನು ದನದ ಕೊಟ್ಟಿಗೆಗೆ ಹೊಡೆಯುತ್ತಿದ್ದ, ಮುಖ ಗೋದಲಿಯ ಕಡೆಗೇ ಇರಬೇಕು. ಕಾರಹುಣ್ಣಿಮೆಗೆ ಮೈತೊಳೆದು ಹ್ಯಾಂಡಲ್ಲಿಗೆ ಗೊಂಡೆ ಕಟ್ಟಿದ. ಹಾರ್ನಿನ ಗುಂಡಿ ಇದ್ದರೂ ಎದುರಿಗೆ ಯಾರಾದರೂ ಬಂದರೆ "ಹೋ... ಹೋ..." ಎಂದು ಬಾಯಲ್ಲೇ ಕೂಗುತ್ತಿದ್ದ. ದಿಣ್ಣೆ ಏರುವಾಗ ನಾಲಿಗೆಯಿಂದ "ಚ್ಚ ಚ್ಚ" ಅನ್ನುವುದು, ಇಳಿಯುವಾಗ ಹಿಂದಕ್ಕೆ ವಾಲುವುದು. ಗಾಡಿ ಆ ಮಾತು ಕೇಳಿ ಓಡುತ್ತಿತ್ತೋ ಪೆಟ್ರೋಲಿಗೆ ಓಡುತ್ತಿತ್ತೋ, ಅಪ್ಪನ ಮಟ್ಟಿಗೆ ಅದು ಇತ್ಯರ್ಥವಾದ ವಿಷಯವಾಗಿತ್ತು.

ಅಪ್ಪನಿಗೆ ಒಂದೇ ಒಂದು ಆಸೆಯಿತ್ತು. ಅವ್ವನನ್ನು ಹಿಂದೆ ಕೂರಿಸಿಕೊಂಡು ಅವಳ ತವರು ಮಂಗಸೂಳಿಗೆ ಹೋಗಬೇಕು, ಊರ ಅಗಸಿಬಾಗಿಲೊಳಗಿಂದ ಅತ್ತೆಯ ಮನೆಯ ತನಕ ಜನ ನೋಡುವಂತೆ ಹೋಗಿ ಇಳಿಯಬೇಕು. ಶಾಲೆಯ ಮಾಸ್ತರರ ಹೆಂಡತಿ ಗಂಡನ ಗಾಡಿಯ ಹಿಂದೆ ಕೂಡುತ್ತಿದ್ದಳು, ಪಂಚಾಯತಿ ಕಾರಕೂನನ ಹೆಂಡತಿ ಕೂಡುತ್ತಿದ್ದಳು. ನಮ್ಮ ಅವ್ವ ಕೂಡುತ್ತಿರಲಿಲ್ಲ. ಎತ್ತು ಮಾರಿದ ದಿನದಿಂದ ಆ ಗಾಡಿಯ ಕಡೆ ಅವಳು ನೆಟ್ಟಗೆ ನೋಡಿರಲಿಲ್ಲ.

ಹಾಗಾಗಿ ಮಂಗಸೂಳಿಗೆ ನಾವು ಹೋಗುವ ರೀತಿಯೇ ಬೇರೆ ಇತ್ತು. ಅವ್ವ ನನ್ನನ್ನು ಕರೆದುಕೊಂಡು ಬಸ್ಸು ಹತ್ತುವಳು. ಅಪ್ಪ ನಮ್ಮ ಗಂಟುಗದಡಿಯನ್ನೆಲ್ಲ ಫಟಫಟಿಗೆ ಕಟ್ಟಿಕೊಂಡು ಬಸ್ಸಿನ ಹಿಂದೆಯೇ ಬರುವನು. ಮುಂದೆ ಹೋಗಬಹುದಿತ್ತು, ಹೋಗುತ್ತಿರಲಿಲ್ಲ. ಬಸ್ಸಿನ ಧೂಳನ್ನೆಲ್ಲ ಕುಡಿಯುತ್ತ, ಪ್ರತಿ ನಿಲ್ದಾಣದಲ್ಲೂ ಕಿಟಕಿಯ ಪಕ್ಕ ಬಂದು ನಿಂತು, "ಏನರ ಬೇಕೇನ?" ಎಂದು ಕೇಳುವನು. ಅವ್ವ "ಏನೂ ಬ್ಯಾಡ್ರಿ" ಅನ್ನುವಳು. ಕಂಡಕ್ಟರನಿಗೆ ಇದು ರೂಢಿಯಾಗಿ, ಅಪ್ಪ ಹಿಂದೆ ಬಿದ್ದರೆ ಅವನೇ ಸೀಟಿ ಹೊಡೆದು ಬಸ್ಸು ನಿಲ್ಲಿಸುತ್ತಿದ್ದ.

ಕೂಡದಿರುವುದಕ್ಕೆ ಅವ್ವನ ಹತ್ತಿರ ಒಂದೊಂದು ಕಾಲಕ್ಕೆ ಒಂದೊಂದು ಕಾರಣ. ಮೊದಲಿಗೆ "ಗಾಲ್ಯಾಗ ಸೀರಿ ಸಿಗತೈತ್ರಿ, ನಾ ಒಲ್ಲೆ" ಅಂದಳು. ಅಪ್ಪ ಹಿಂದಿನ ಗಾಲಿಗೆ ಕಬ್ಬಿಣದ ಜಾಳಿಗೆ ಹಾಕಿಸಿದ. "ಹಿಡಕೊಳ್ಳಾಕ ಏನ ಐತ್ರಿ ಅದಕ್ಕ?" ಅಂದಳು.

"ನನ್ನ ಹೆಗಲಿಲ್ಲೇನ?" ಅಂದ ಅಪ್ಪ.

"ಅಯ್ಯ, ಮಂದಿ ನೋಡಂಗಿಲ್ಲೇನ್ರಿ?" ಎಂದು ಅವ್ವ ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಅಪ್ಪ ಹಿಂದೆ ಒಂದು ಗಟ್ಟಿ ಕ್ಯಾರಿಯರು ಹಾಕಿಸಿದ, ಎರಡು ಕೈಯಲ್ಲಿ ಹಿಡಿದರೂ ಮಿಗುವಂಥದು.

ಕಡೆಗೆ ಒಂದು ದಿನ ರೊಟ್ಟಿ ಬಡಿಯುತ್ತ ಅವ್ವ ಆ ಮಾತು ಅಂದಳು: "ಕಬ್ಬಿನ್ಯಾಗ ಕಸಾ ತಗ್ಯಾವ್ರಂಗ ಬಗ್ಗಿ ಕುಂಡರತೀರಿ. ಹಂಗ ಹೋಗಿ ನಮ್ಮವ್ವನ ಮುಂದ ಇಳಿಲೇನ? ಎತ್ತ ಹೂಡಿದ ಚಕ್ಕಡಿ ಮ್ಯಾಲ ಹೆಂಗ ನೆಟ್ಟಗ ಕುಂಡರತಿದ್ರಿ!"

ಅಪ್ಪ ಅರ್ಧ ರೊಟ್ಟಿಗೆ ಎದ್ದ. "ನೆಟ್ಟಗ ಕುಂತ್ರ ಬರ್ತೀಯೇನ?"

"ಬರ್ತೀನ್ರಿ" ಅಂದುಬಿಟ್ಟಳು ಅವ್ವ. ಇನ್ನೇನು ಕಾರಣ ಹೇಳುವುದೆಂದು ತೋಚದೆ ಅಂದಳೆಂದು ನನಗೆ ಈಗ ಅನಿಸುತ್ತದೆ. ಆದರೆ ಅಪ್ಪನ ಮುಂದೆ ಆಡಿದ ಮಾತು ಆಡಿದಂತೆಯೇ. ಮರುದಿನವೇ ನಿಪ್ಪಾಣಿಗೆ ಹೋಗಿ, ಖಿಲಾರಿ ಎತ್ತಿನ ಕೋಡಿನಂತೆ ಮೇಲಕ್ಕೆದ್ದು ಅಗಲಕ್ಕೆ ಚಾಚಿದ ಹೊಳೆಯುವ ಹ್ಯಾಂಡಲ್ಲೊಂದನ್ನು ಹೆಗಲ ಮೇಲೆ ಹೊತ್ತು ತಂದ. ತವರಿಗೆ ಹೋಗುವ ದಿನವೂ ಗೊತ್ತಾಯಿತು.

ಹ್ಯಾಂಡಲ್ಲು ಕೂರಿಸಿದವನು ಕಾಗವಾಡದ ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜಿನ ದಸ್ತಗೀರ. ನಾನೂ ಅಪ್ಪನ ಜೊತೆ ಹೋಗಿದ್ದೆ. ಹ್ಯಾಂಡಲ್ಲು ಬದಲಿಸುವುದೆಂದರೆ ಟೊಪ್ಪಿಗೆ ಬದಲಿಸಿದಷ್ಟು ಸುಲಭ ಎಂದು ನಾವಿಬ್ಬರೂ ತಿಳಿದಿದ್ದೆವು. ದಸ್ತಗೀರ ಹಳೆಯದನ್ನು, ಈಗ ನಮ್ಮ ಬಚ್ಚಲಲ್ಲಿರುವುದನ್ನು, ಕಿತ್ತು ಹೊಸದನ್ನು ಇಟ್ಟು ನೋಡಿ ತಲೆ ಕೆರೆದುಕೊಂಡ.

"ದಾದಾ, ಹ್ಯಾಂಡಲ್ ಒಂದ ಗೇಣ ಮ್ಯಾಲ ಹೋತ್ರಿ. ಹಳೇ ವಾಯರ್ ಮುಟ್ಟೂದಿಲ್ಲ. ಬ್ರೇಕಿಂದು, ಕ್ಲಚ್ಚಿಂದು, ಎಕ್ಸಿಲೇಟರಿಂದು ಮೂರೂ ಉದ್ದನ್ನೂವು ಹಾಕಬೇಕು."

ಹಾಕಿದ. ಮುಂದಿನ ಗಾಲಿಯ ಬ್ರೇಕಿನ ವಾಯರಿಗೇ ಅರ್ಧ ದಿನ ಹಿಡಿಯಿತು. ಮೇಲೆ ಹಿಡಿಕೆಯ ಹತ್ತಿರ ಒಂದು ನಟ್ಟು, ಕೆಳಗೆ ಗಾಲಿಯ ಹತ್ತಿರ ಒಂದು ನಟ್ಟು. ಮೇಲಿನದನ್ನು ಚೂರು ಬಿಗಿ ಮಾಡುವನು, ಗಾಲಿ ಎತ್ತಿ ತಿರುವುವನು, ಕಿವಿ ಹಚ್ಚಿ ಕೇಳುವನು. ಸರ್ ಎಂದು ಸವರಿದ ಸದ್ದು ಬಂದರೆ ಕೆಳಗಿನದನ್ನು ಚೂರು ಸಡಿಲ ಬಿಡುವನು. ಆಮೇಲೆ ಹ್ಯಾಂಡಲ್ಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ ವಾಯರು ಎಲ್ಲಿಯೂ ಎಳೆಯುತ್ತಿಲ್ಲವೆಂದು ನೋಡಿದ. ಎಲ್ಲ ಮುಗಿದಾಗ ಬ್ರೇಕಿನ ವಾಯರು ಹ್ಯಾಂಡಲ್ಲಿನಿಂದ ಮುಂದಕ್ಕೆ ಬಾಗಿ, ಜೋಲಾಗಿ ಇಳಿದು, ಗಾಲಿಯನ್ನು ಸೇರಿತ್ತು. ಗಾಡಿ ಅಲುಗಿದರೆ ಅದೂ ಅಲುಗುತ್ತಿತ್ತು. ಅಪ್ಪನ ಕಣ್ಣು ಅಲ್ಲೇ ನೆಟ್ಟಿತು.

"ಇದೇನೋ ದಸ್ತಗೀರ, ಹೆಂಗಸರ ಕಿವ್ಯಾಗಿನ ವಾಲಿ ತೂಗಿದಂಗ ತೂಗಾಕತ್ತೈತಿ? ಎಳದ ಕಟ್ಟು."

"ಅದು ಹಂಗ ಇರಬೇಕ್ರಿ ದಾದಾ. ಹೊಳ್ಳಾಗ, ತೆಗ್ಗಿನ್ಯಾಗ ಜಿಗದಾಗ ವಾಯರಿಗಿ ಜಾಗಾ ಬೇಕು."

"ಹಗ್ಗ ಸಡಲ ಬಿಟ್ರ ಎತ್ತ ಮಾತ ಕೇಳ್ತಾವೇನ?"

"ಇದು ಎತ್ತಲ್ರಿ."

"ಎತ್ತಿಗೇ ತಿಳಿತೈತಿ ಅಂದಮ್ಯಾಲ ಇದಕ್ಕ ತಿಳಿಯೂದಿಲ್ಲೇನ?"

ದಸ್ತಗೀರ ಕೈ ಒರೆಸಿಕೊಂಡು, "ಅದನ್ನ ಮುಟ್ಟಬ್ಯಾಡ್ರಿ ಮತ್ತ" ಎಂದಷ್ಟೇ ಹೇಳಿದ.

ಮುಟ್ಟದೇ ಇರಲು ಅಪ್ಪನಿಂದ ಆಗಬೇಕಲ್ಲ! ಮನೆಗೆ ಬಂದವನು ಕೊಟ್ಟಿಗೆಯಲ್ಲಿ ಗಾಡಿಯ ಸುತ್ತ ತಿರುಗಿದ. ಕ್ಲಚ್ಚಿನ ವಾಯರು, ಎಕ್ಸಿಲೇಟರಿನ ವಾಯರು ಟಾಕಿಯ ಕೆಳಗೆ ಸೇರಿಕೊಂಡಿದ್ದರಿಂದ ಅವುಗಳ ಬಗ್ಗೆ ತಕರಾರಿರಲಿಲ್ಲ. ಬ್ರೇಕಿನದು ಮಾತ್ರ ಎದುರಿಗೇ ತೂಗುತ್ತಿತ್ತು. ಮೊದಲಾದರೆ ಮಂಗಸೂಳಿಗೆ ಹೊರಟಾಗ ಎತ್ತಿನ ಹಗ್ಗ ಹೀಗೆ ಜೋತುಬಿದ್ದಿದ್ದರೆ ಅಗಸಿಯಲ್ಲಿ ಕುಳಿತ ಮುದುಕರು ನಕ್ಕೇ ಬಿಡುತ್ತಿದ್ದರು. ಅಪ್ಪ ಪುಂಡಿಯ ನಾರಿನ ಹುರಿ ಹೊಸೆದ. ವಾಯರನ್ನು ಎಳೆದು, ಕಾಲಿಗೆ ಪೆಟ್ಟಾಗದಂತೆ ಗಾಡಿಯ ಮುಂದೆ ಹಾಕಿಸಿದ್ದ ಕಬ್ಬಿಣದ ಗಾರ್ಡಿನ ಬಲಗಡೆಗೆ ಬಿಗಿದು ಕಟ್ಟಿದ. ಹೋರಿ ಎಳೆದರೂ ಬಿಚ್ಚದ ಗಂಟು. ನಾನು ದೀಪ ಹಿಡಿದು ನಿಂತಿದ್ದೆ. "ಈಗ ನೋಡು, ಹೆಂಗ ಐತಿ!" ಅಂದ. ನಾನೂ "ಭಾರಿ ಐತಿ" ಅಂದೆ.

ನಿಮಗೆ ಈಗಲೇ ಹೇಳಿಬಿಡುತ್ತೇನೆ. ಹ್ಯಾಂಡಲ್ಲು ತಿರುಗುತ್ತದೆ, ಗಾರ್ಡು ತಿರುಗುವುದಿಲ್ಲ. ಹ್ಯಾಂಡಲ್ಲನ್ನು ಎಡಕ್ಕೆ ತಿರುಗಿಸಿದರೆ ವಾಯರು ಸಡಿಲಾಗುತ್ತದೆ. ಬಲಕ್ಕೆ ತಿರುಗಿಸಿದರೆ ಹುರಿ ಹಿಡಿದು ಜಗ್ಗುತ್ತದೆ, ಯಾರೂ ಹಿಡಿಯದ ಬ್ರೇಕು ತಾನಾಗಿಯೇ ಹಿಡಿಯುತ್ತದೆ. ಇಷ್ಟೇ ವಿಷಯ. ನಿಮಗೆ ಗೊತ್ತಾಯಿತು, ಆವತ್ತು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅವ್ವ ಇಳಕಲ್ಲ ಸೀರೆ ಉಟ್ಟು ಹೊರಗೆ ಬಂದಳು. ನೋಡಲು ಪಕ್ಕದ ತೋಟದ ಹೆಂಗಸರು ಬಂದಿದ್ದರು. ನಾನು ಟಾಕಿಯ ಮೇಲೆ, ಅಪ್ಪ ನಡುವೆ, ಅವ್ವ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು, ಕ್ಯಾರಿಯರನ್ನು ಗಟ್ಟಿಯಾಗಿ ಹಿಡಿದು. ಎತ್ತರದ ಹ್ಯಾಂಡಲ್ಲು ಹಿಡಿದು ಎದೆ ಸೆಟೆಸಿ ಕುಳಿತ ಅಪ್ಪ ಒಂದು ಸಲ ಹಿಂದೆ ತಿರುಗಿ, "ನೆಟ್ಟಗ ಕುಂತೀನಿಲ್ಲೋ?" ಎಂದು ಕೇಳಿದ. "ಹೂಂನ್ರಿ" 
ಅಂದಳು ಅವ್ವ. ಆ ದನಿಯಲ್ಲಿ ಸಂತೋಷವೇನೂ ಇರಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಕುಳಿತಾಗಲೂ ಅವಳ ದನಿ ಹೀಗೆಯೇ ಇರುತ್ತಿತ್ತು.

ನಮ್ಮ ದಾರಿಯಿಂದ ಹೊರಬಿದ್ದು ರಸ್ತೆಗೆ ಸೇರುವುದು ಎಡಕ್ಕೆ. ಚೆನ್ನಾಗಿಯೇ ಹೊರಳಿತು. ಆಮೇಲೆ ನೆಟ್ಟಗಿನ ರಸ್ತೆ, ಎರಡೂ ಕಡೆ ಕಬ್ಬು. ದೊಡ್ಡದೊಂದು ಆಲದ ಮರದ ಹತ್ತಿರ ರಸ್ತೆ ಬಲಕ್ಕೆ ಹೊರಳುತ್ತದೆ. ಅಪ್ಪ "ಹೋ" ಎಂದು ಹ್ಯಾಂಡಲ್ಲು ತಿರುಗಿಸಿದ. ಗಾಡಿ ಕಿರ್ ಎಂದು ಮುಗ್ಗರಿಸಿ ನಿಂತು, ಇಂಜಿನ್ನು ಆರಿಹೋಯಿತು. ನನ್ನ ಗದ್ದ ಹೋಗಿ ಹ್ಯಾಂಡಲ್ಲಿಗೆ ಬಡಿಯಿತು. ಅವ್ವ ಜಾರಿ ಇಳಿದು ನೆಟ್ಟಗೆ ನಿಂತಿದ್ದಳು.

"ಯಾಕ ನಿಲ್ಲಿಸಿದ್ರಿ?"

"ನಾ ಎಲ್ಲಿ ನಿಲ್ಲಿಸೇನಿ? ಅದ ತಾನ ನಿಂತೈತಿ."

ಮತ್ತೆ ಒದ್ದ, ಮತ್ತೆ ಶುರುವಾಯಿತು, ಮತ್ತೆ ತಿರುಗಿಸಿದ, ಮತ್ತೆ ಮುಗ್ಗರಿಸಿತು. ಅಪ್ಪ ಕೆಳಗಿಳಿದು ಗಾಡಿಯ ಮುಖವನ್ನೇ ದಿಟ್ಟಿಸಿ ನೋಡಿದ. ನಂತರ ತೀರ್ಪು ಕೊಟ್ಟ: "ಇದು ಎಡಗಡಿ ಹೂಡಿ ರೂಢಿ ಆದ ಎತ್ತಿನ ಜಾತಿ. ಬಲಕ್ಕ ಒಲ್ಲೆ ಅಂತೈತಿ."

ಅಪ್ಪನ ಮುಖದಲ್ಲಿ ನೀರಿಳಿದಿತ್ತು. ಇಷ್ಟು ದಿನ ಕಾದು, ಜಾಳಿಗೆ, ಕ್ಯಾರಿಯರು, ಹ್ಯಾಂಡಲ್ಲು ಎಲ್ಲ ಹಾಕಿಸಿ, ಹೆಂಡತಿಯನ್ನು ಕೂರಿಸಿಕೊಂಡ ಮೊದಲ ತಿರುವಿನಲ್ಲೇ ಹೀಗಾಯಿತು. ಅವಳು ಇಲ್ಲಿಂದಲೇ ಬಸ್ಸಿಗೆ ಹೋಗುತ್ತೇನೆಂದರೆ ಮುಗಿಯಿತು, ಇನ್ನು ಜನ್ಮದಲ್ಲಿ ಕೂಡುವುದಿಲ್ಲ. ನನಗೂ ಅಳು ಬಂದಿತ್ತು. ಅದು ಗದ್ದದ ನೋವಿಗೂ ಇರಬಹುದು.

ಅವ್ವ ಬಸ್ಸಿನ ಮಾತೆತ್ತಲಿಲ್ಲ. ಗಾಡಿಯ ಸುತ್ತ ಒಂದು ಸಲ ಕಣ್ಣಾಡಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಪೋರಿ, ನೀ ಇಳಿ. ನೀವು ಹ್ಯಾಂಡಲ್ ನೆಟ್ಟಗ ಹಿಡೀರಿ" ಎಂದು ಹಿಂದೆ ಹೋದಳು. ಎರಡು ಕೈಯಲ್ಲಿ ಕ್ಯಾರಿಯರು ಹಿಡಿದು "ಹುಂ" ಎಂದು ಗಾಡಿಯ ಹಿಂಭಾಗವನ್ನೇ ಎತ್ತಿ ಅತ್ತ ಸರಿಸಿ ಇಟ್ಟಳು. ಕೆಸರಲ್ಲಿ ಹುಗಿದ ಚಕ್ಕಡಿಯನ್ನು ಎಬ್ಬಿಸಿ ಪಳಗಿದ ಕೈ ಅದು. ಗಾಡಿಯ ಮುಖ ಬಲಗಡೆಯ ರಸ್ತೆಗೆ ಬಂದಿತ್ತು. ಅಪ್ಪ ಬಾಯಿ ತೆರೆದು ನೋಡಿದ.

"ಏನ ನೋಡ್ತೀರಿ? ಒದೀರಿ" ಅಂದಳು ಅವ್ವ.

ಎರಡನೆಯ ಬಲತಿರುವಿಗೆ ಅಪ್ಪ ಬುದ್ಧಿ ಓಡಿಸಿದ. ಹೆಂಡತಿಯನ್ನು ಪದೇ ಪದೇ ಇಳಿಸುವುದು ಅವನಿಗೆ ಅವಮಾನ. "ಮೂರ ಸರ್ತಿ ಎಡಕ್ಕ ಹೊಳ್ಳಿದ್ರ ಒಂದ ಸರ್ತಿ ಬಲಕ್ಕ ಹೊಳ್ಳಿದಂಗ ಆತಿಲ್ಲ?" ಎಂದು ತಿರುವು ದಾಟಿ ಮುಂದೆ ಹೋಗಿ, ಕಬ್ಬಿನೊಳಗಿನ ಕಾಲುದಾರಿಗೆ ಎಡಕ್ಕೆ ನುಗ್ಗಿಸಿದ. ಲೆಕ್ಕವೇನೋ ಸರಿಯಾಗಿತ್ತು. ಆದರೆ ಕಬ್ಬಿನ ಹೊಲಕ್ಕೆ ಈ ಲೆಕ್ಕ ಹೇಳಿದವರಾರು? ಇನ್ನೊಮ್ಮೆ ಎಡಕ್ಕೆ ಹೊರಳಿದೊಡನೆ ದಾರಿಯೇ ಮುಗಿದು, ಹೊಗೆಯಾಡುವ ಒಂದು ಗಾಣದ ಮನೆಯ ಅಂಗಳಕ್ಕೆ ಹೋಗಿ ನಿಂತೆವು. ಬೆಲ್ಲ ಕಾಯಿಸುತ್ತಿದ್ದವನು ನಮ್ಮನ್ನು ಬೀಗರೆಂದು ತಿಳಿದು ಕಬ್ಬಿನ ಹಾಲು ಕೊಟ್ಟ, ನನಗೆ ಎಲೆಯ ಮೇಲೆ ಬಿಸಿ ಬೆಲ್ಲ ಕೊಟ್ಟ, "ಯಾರ ಮನಿಗಿ ಬಂದೀರಿ?" ಎಂದು ಆಮೇಲೆ ಕೇಳಿದ. "ಹಿಂಗ ಹೊಳ್ಳಾಕ ಬಂದಿದ್ವಿ" ಅಂದ ಅಪ್ಪ. ಆ ಅಂಗಳದಿಂದ ವಾಪಸ್ಸು ಬರುವುದಕ್ಕೂ ಬಲಕ್ಕೇ ತಿರುಗಬೇಕಿತ್ತು. ಅವ್ವ ನಗುತ್ತ ಇಳಿದು ಹಿಂದೆ ಹೋದಳು.

ಹೌದು, ನಗುತ್ತ. ಅವ್ವ ಫಟಫಟಿಯ ಹತ್ತಿರ ನಿಂತು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆವಾಗಲೇ.

ಆಮೇಲೆ ಅವಳದೇ ಆಳ್ವಿಕೆ. ದೂರದಲ್ಲಿ ಬಲತಿರುವು ಕಂಡರೆ "ತಡೀರಿ ತಡೀರಿ, ಬಂತು" ಅನ್ನುವಳು. ಗಾಡಿ ನಿಲ್ಲುವ ಮೊದಲೇ ಇಳಿದಿರುವಳು. ನನಗೂ ಒಂದು ಕೆಲಸ ಕೊಟ್ಟಿದ್ದಳು, ಮುಂದಿನ ತಿರುವು ಎಡವೋ ಬಲವೋ ಕೂಗಿ ಹೇಳುವುದು. ನಾನು ಉಣ್ಣುವ ಕೈ ನೋಡಿಕೊಂಡು ಕೂಗುವಷ್ಟರಲ್ಲಿ ತಿರುವು ದಾಟಿರುತ್ತಿತ್ತು. ಒಂದು ಕಡೆ ಅವ್ವ ಗಾಡಿ ಎತ್ತಿ ಹಿಡಿದಿದ್ದಾಗಲೇ ನಮ್ಮ ಹಳೆಯ ಬಸ್ಸು ಬಂದು ಪಕ್ಕಕ್ಕೆ ನಿಂತಿತು. ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದವು. ಕಂಡಕ್ಟರ್ ಕೂಗಿದ: "ಅಕ್ಕಾರ, ಏನರ ಬೇಕೇನ್ರಿ?"

"ಏನೂ ಬ್ಯಾಡ ಹೋಗಪ್ಪಾ" ಅಂದಳು ಅವ್ವ, ಮುಖದ ಬೆವರು ಒರೆಸಿಕೊಂಡು. ಬಸ್ಸು ಮುಂದೆ ಹೋಗುವ ತನಕ ತಲೆ ಎತ್ತಿಕೊಂಡೇ ನಿಂತಿದ್ದಳು.

ಮಂಗಸೂಳಿಯ ಅಗಸಿಯೊಳಗೆ ಅಪ್ಪ ಬಯಸಿದಂತೆಯೇ ಹೋದೆವು. ಜನ ನೋಡಿದರು. ಬಾಗಿಲಲ್ಲಿ ಆಯಿ ನಿಂತಿದ್ದಳು, ಅವ್ವನ ಅವ್ವ. ಮಗಳು ಗಾಡಿಯ ಮೇಲಿಂದ ಇಳಿಯುವ ಮೊದಲೇ ಕೈ ಅಡ್ಡ ಮಾಡಿದಳು.

"ಇಳಿಬ್ಯಾಡ ತಡಿ! ಗಾಡಿ ಮ್ಯಾಲ ಮೊದಲ ಸರ್ತಿ ಬಂದೀರಿ. ಮಲ್ಲಯ್ಯಗ ಒಂದ ಸುತ್ತ ಹಾಕ್ಕೊಂಡ ಬಂದು ಆಮ್ಯಾಲ ಹೊಚ್ಚಲಾ ದಾಟ್ರಿ."

ಜೈನರ ಮನೆಯಾದರೂ ಮಂಗಸೂಳಿಯವರಿಗೆ ಮಲ್ಲಯ್ಯ ಊರ ದೇವರು. ಹೊಸ ಎತ್ತು ತಂದರೂ, ಹೊಸ ಸೊಸೆ ಬಂದರೂ, ಮೊದಲು ಅಲ್ಲಿಗೆ ಒಂದು ಸುತ್ತು. ಸುತ್ತು ಹಾಕುವುದೆಂದರೆ ದೇವರು ಬಲಗಡೆಗಿರಬೇಕು. ಅಂದರೆ ಪ್ರತಿ ಮೂಲೆಯಲ್ಲೂ ಬಲಕ್ಕೇ ಹೊರಳಬೇಕು! ಎಡಕ್ಕೆ ಹೊರಳಿ ದೇವರ ಸುತ್ತ ಹೋಗುವುದು ಬದುಕಿದ್ದವರು ಮಾಡುವ ಕೆಲಸವಲ್ಲ. ಅಪ್ಪ ಹಿಂದೆ ತಿರುಗಿ ಅವ್ವನ ಮುಖ ನೋಡಿದ. ಅವನ ಮೀಸೆ ಅಷ್ಟು ಜೋತು ಬಿದ್ದದ್ದನ್ನು ನಾನು ನೋಡಿರಲಿಲ್ಲ.

"ನಡೀರಿ, ನಾ ಇದೀನಿ" ಅಂದಳು ಅವ್ವ.

ಗುಡಿಯ ಮೊದಲ ಮೂಲೆಯಲ್ಲಿ ಅವ್ವ ಇಳಿದು ಎತ್ತಿದಳು. ಹತ್ತಾರು ಜನ ನಿಂತು ನೋಡಿದರು. ಎರಡನೆಯ ಮೂಲೆಗೆ ಬರುವಷ್ಟರಲ್ಲಿ ಜನ ಹೆಚ್ಚಾಗಿದ್ದರು. ಯಾರೂ ನಗುತ್ತಿರಲಿಲ್ಲ, ಕೈ ಮುಗಿದು ನಿಂತಿದ್ದರು. ಉರುಳುಸೇವೆ ಮಾಡುವವರನ್ನು, ಬೆನ್ನ ಮೇಲೆ ಕಲ್ಲು ಹೊತ್ತು ಸುತ್ತುವವರನ್ನು ನೋಡಿದ ಊರು ಅದು. ಮೂರನೆಯ ಮೂಲೆಯಲ್ಲಿ ಒಬ್ಬ ಮುದುಕಿ ಅವ್ವನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಯಾವ ಹರಕಿ ಯವ್ವಾ ಇದು? ಗಂಡಗ ಏನರ ಜಡ್ಡ ಆಗಿತ್ತೇನ?"

ಅವ್ವ ಗಾಡಿ ಎತ್ತಿ ಹಿಡಿದುಕೊಂಡೇ ಹೇಳಿದಳು: "ಗಂಡಗಲ್ಲ ಯವ್ವಾ, ಗಾಡಿಗಿ."

ಮುದುಕಿಗೆ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. "ಏಳುಕೋಟಿ!" ಎಂದು ಮಲ್ಲಯ್ಯನ ಜಯಕಾರ ಕೂಗಿ ಒಂದು ಹಿಡಿ ಭಂಡಾರದ ಅರಿಸಿನ ತೂರಿದಳು. ಉಳಿದವರೂ ತೂರಿದರು. ಆಯಿಯ ಬಾಗಿಲಿಗೆ ಹಿಂತಿರುಗಿದಾಗ ಅಪ್ಪನ ಬಿಳಿ ಟೊಪ್ಪಿಗೆ, ಮೀಸೆ, ಹ್ಯಾಂಡಲ್ಲು, ನನ್ನ ಎರಡು ಜಡೆ ಎಲ್ಲ ಅರಿಸಿನದ ಬಣ್ಣವಾಗಿದ್ದವು. ಅವ್ವನ ಕೆನ್ನೆ ಮಾತ್ರ ಭಂಡಾರದ ಅಡಿಯಲ್ಲೂ ಕೆಂಪಗೆ ಕಾಣುತ್ತಿತ್ತು. ಅವಳು ಆವತ್ತು ಬಹಳ ಚೆಂದ ಕಂಡಳು.

ನನ್ನ ಸೋದರಮಾವನ ಹೆಸರು ಶಾಂತಿನಾಥ. ಹೆಸರು ಇಟ್ಟವರು ಅವನ ಗಂಟಲನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕಬ್ಬು ಕಡಿಯುವ ಆಳುಗಳನ್ನು ಸಾಗಿಸಲು ಒಂದು ಜೀಪು ಇಟ್ಟಿದ್ದ. ಮಧ್ಯಾಹ್ನ ಅವನು ಬಂದವನೇ ಗಾಡಿಯನ್ನು ನೋಡಿ, ಬಗ್ಗಿ, ಹುರಿಯನ್ನು ಬೆರಳಿಂದ ಮೀಟಿ, ಭಾವನ ಕಡೆ ತಿರುಗಿ ಓಣಿಯೆಲ್ಲ ಎದ್ದು ಬರುವಂತೆ ನಕ್ಕ.

"ದಾಜೀ! ಬ್ರೇಕಿಗಿ ದಾಂವಣಿ ಹಾಕೀರಲ್ರಿ! ಹಿಂಗ ಕಟ್ಟಿದ್ರ ಅದು ಬಲಕ್ಕ ಹೆಂಗ ಹೊಳ್ಳಬೇಕು?"

ಕಬ್ಬು ಕಡಿಯುವ ಕೊಯ್ತಾ ತಂದು ಒಂದೇ ಏಟಿಗೆ ಹುರಿ ಕತ್ತರಿಸಿದ. ವಾಯರು ಜೋಲುಬಿದ್ದಿತು. ಮಾವ ಗಾಡಿ ಹತ್ತಿ ಅಂಗಳದಲ್ಲಿ ಎಡಕ್ಕೆ ಒಂದು ಸುತ್ತು, ಬಲಕ್ಕೆ ಒಂದು ಸುತ್ತು ಹಾಕಿ ತೋರಿಸಿದ. ಬೆಣ್ಣೆಯ ಹಾಗೆ ಹೊರಳಿತು. ಅಪ್ಪನಿಗೆ ನಾಚಿಕೆಯಾದರೂ, ಗಾಡಿ ಸುಧಾರಿಸಿದ ಸಮಾಧಾನವೇ ಹೆಚ್ಚಾಗಿತ್ತು. ಬಾಗಿಲಲ್ಲಿ ನಿಂತಿದ್ದ ಅವ್ವನಿಗೆ ಮಾವ ಕೂಗಿ ಹೇಳಿದ: "ಅಕ್ಕಾ, ಇನ್ನ ನೀ ಇಳಿಯೂದೂ ಬ್ಯಾಡ, ಎತ್ತೂದೂ ಬ್ಯಾಡ. ಅರಾಮ ಕುಂತ್ರಾತು, ಮನಿ ಮುಟ್ಟಿಸ್ತಾರ."

ಅವ್ವ ಒಳಗೆ ಹೋಗಿ ಆಯಿಗೆ ಹಿಟ್ಟು ನಾದಿ ಕೊಟ್ಟಳು.

ಹೊತ್ತು ಮುಳುಗುವ ಮೊದಲು ಉಣ್ಣುವ ಮನೆ ನಮ್ಮದು. ಬಿಸಿಲು ಇನ್ನೂ ಅಂಗಳದಲ್ಲಿರುವಾಗಲೇ ಹೋಳಿಗೆಯ ಊಟ ಮುಗಿಸಿ ಹೊರಟೆವು. ಅಪ್ಪ ಗಾಡಿಯನ್ನು ಬಾಗಿಲಿಗೆ ತಂದು, ಟಾಕಿಯ ಮೇಲಿನ ಭಂಡಾರ ಒರೆಸಿ, ಹಿಂದಿನ ಸೀಟನ್ನು ಎರಡು ಸಲ ಒರೆಸಿ ನಿಂತ. ಅವ್ವ ಹೊರಗೆ ಬಂದವಳು ಅವನನ್ನು ದಾಟಿ ಹೋಗಿ ತನ್ನ ಗಂಟನ್ನು ಮಾವನ ಜೀಪಿನಲ್ಲಿಟ್ಟಳು.

"ಯಾಕ ಪದ್ಮಾ?" ಎಂದಳು ಆಯಿ.

"ಶಾಂತ್ಯಾನ ಜೀಪ ಆ ಕಡೀಗೇ ಹೊಂಟೈತೆಲ್ಲ. ಸುಮ್ನ ಕುಂತ ಹೋಗೂದಾದ್ರ ಅದ ಬೇಸಿ ಬಿಡವ್ವಾ. ಹಿಂದ ಮೂಟಿ ಕಟ್ಟಿದಂಗ ಕುಂಡರಾಕ ನಾನ ಯಾಕ ಬೇಕು?"

ಜಾಳಿಗೆ, ಕ್ಯಾರಿಯರು, ಹ್ಯಾಂಡಲ್ಲು ಯಾವುದೂ ಅಲ್ಲ, ವಿಷಯ ಇದು. ಚಕ್ಕಡಿಯ ಕಾಲದಲ್ಲಿ ಅವಳು ಎಂದೂ ಬರೀ ಕುಳಿತು ಹೋದವಳಲ್ಲ. ದಿಣ್ಣೆ ಬಂದರೆ ಇಳಿದು ಗಾಲಿಗೆ ಕೈ ಕೊಡುವಳು, ಇಳಿಜಾರಿನಲ್ಲಿ ಗಾಲಿಯ ಮುಂದೆ ಕಲ್ಲು ಇಡುವಳು, ಹಳ್ಳದಲ್ಲಿ ಎತ್ತಿನ ಮೂಗುದಾರ ಹಿಡಿದು ಮುಂದೆ ನಡೆಯುವಳು, ಅಪ್ಪ ತೂಕಡಿಸಿದರೆ ಹಗ್ಗ ತಾನೇ ತೆಗೆದುಕೊಳ್ಳುವಳು. ಮಂಗಸೂಳಿ ತಲುಪಿದರೆ ಇಬ್ಬರೂ ತಲುಪಿಸಿದ ಹಾಗೆ. ಫಟಫಟಿ ಬಂದ ಮೇಲೆ ಅದೆಲ್ಲ ಮುಗಿದು, ಎಣ್ಣೆ ಹಾಕಿದರೆ ಅದು, ಒದ್ದರೆ ಅಪ್ಪ, ಇಬ್ಬರೇ ಸಾಕಾಗಿತ್ತು. ಆವತ್ತು ಬೆಳಿಗ್ಗೆಯಿಂದ ಅದು ಮತ್ತೆ ಮೂವರ ಗಾಡಿಯಾಗಿತ್ತು.

ಅಪ್ಪ ಇದನ್ನೆಲ್ಲ ಯೋಚಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವನು ಮಾತಿನವನಲ್ಲ. ಎತ್ತರದ ಹ್ಯಾಂಡಲ್ಲಿನ ಮೇಲೆ ಎರಡೂ ಕೈ ಇಟ್ಟುಕೊಂಡು ಜೀಪಿನ ಕಡೆ ನೋಡುತ್ತ ನಿಂತಿದ್ದ. ಮಾವ ಜೀಪು ಚಾಲೂ ಮಾಡಿದ. ಆಗ ಅಪ್ಪ ಕೆಮ್ಮಿದ.

"ಅಲ್ಲ... ಬರಾಗ ಎಡಕ ಇದ್ದದ್ದೆಲ್ಲ ಹೋಗಾಗ ಬಲಕ ಬರತಾವ. ಶಿರಗುಪ್ಪಿತನಕಾ ಭಾಳ ಹೊಳ್ಳೂದೈತಿ. ನೀ ಬರಲಿಲ್ಲಂದ್ರ ನಾ ಹೆಂಗ ಹೋಗಲಿ?"

ಕತ್ತರಿಸಿದ ಹುರಿ ಅವನ ಕಾಲ ಬಳಿಯೇ ಬಿದ್ದಿತ್ತು. ಅಂಗಳದಲ್ಲಿದ್ದವರೆಲ್ಲ ಅದನ್ನು ನೋಡುತ್ತಿದ್ದರು. ಮಾವ ಜೀಪಿನಿಂದ ತಲೆ ಹೊರಹಾಕಿ, "ಏ ದಾಜೀ, ಅದನ್ನ ನಾ ಆಗಲೇ..." ಎಂದು ಶುರುಮಾಡಿದ.

"ನೀ ಬಾಯಿ ಮುಚ್ಚೋ ಶಾಂತ್ಯಾ" ಎಂದು ಅವ್ವ ಜೀಪಿನಿಂದ ಗಂಟು ತೆಗೆದುಕೊಂಡಳು. ಬಂದು ಹಿಂದೆ ಕುಳಿತಳು. ನಮ್ಮ ಅಪ್ಪ ಅಷ್ಟು ಚೆನ್ನಾಗಿ ಸುಳ್ಳು ಹೇಳಿದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ.

ಊರು ದಾಟಿದೆವು. ಬಿಸಿಲು ಕಬ್ಬಿನ ತುದಿಗೆ ಏರಿತ್ತು. ಹೊಟ್ಟೆ ತುಂಬಿದ್ದರಿಂದ ಯಾರಿಗೂ ಅವಸರವಿರಲಿಲ್ಲ. ಮೊದಲ ಬಲತಿರುವು ಬಂದಿತು. ಅಪ್ಪ ಕಾಲಲ್ಲಿ ಬ್ರೇಕು ಒತ್ತಿ ಗಾಡಿ ನಿಲ್ಲಿಸಿ, ಕೀಲಿ ತಿರುಗಿಸಿ ಇಂಜಿನ್ನನ್ನೂ ತಾನೇ ಆರಿಸಿದ. ಟಾಕಿಯ ಮೇಲೆ ಕುಳಿತ ನನಗೆ ಎಲ್ಲ ಕಾಣುತ್ತಿತ್ತು.

"ಮತ್ತ ನಿಂತಿತು ನೋಡು" ಅಂದ, ಹಿಂದೆ ತಿರುಗದೆ.

ಅವ್ವ ಇಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅದಕ್ಕೇನ ತಿಳಿತೈತ್ರಿ" ಅಂದಳು. "ಹ್ಯಾಂಡಲ್ ನೆಟ್ಟಗ ಹಿಡೀರಿ, ನಾ ಎತ್ತತೀನಿ."